ಬಾವಿ ಸಹಿತ ಮನೆ ಬಾಡಿಗೆಗೆ

ಶಿವಮೊಗ್ಗದವರ ಎದುರು ಏನನ್ನು ಬೇಕಾದರೂ ಬೈಯಬಹುದು, ನೀರನ್ನು ಮಾತ್ರ ಬೈಯುವಂತಿಲ್ಲ. ಬಿ.ಎಚ್. ರಸ್ತೆಯ ಟ್ರಾಫಿಕ್ಕನ್ನು ಬೈಯಿರಿ, ಸೊಳ್ಳೆಯನ್ನು ಬೈಯಿರಿ, ಪಕ್ಕದಲ್ಲಿ ನಿಂತು ತಾವೂ ನಾಲ್ಕು ಮಾತು ಸೇರಿಸುತ್ತಾರೆ. ನೀರಿನ ಸುದ್ದಿಗೆ ಬಂದಿರೋ, 'ಗಂಗಾ ಸ್ನಾನ, ತುಂಗಾ ಪಾನ' ಅಂತ ಒಂದೇ ಮಾತಿಗೆ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ಅದೇ ತುಂಗೆ ಕೊಳೆಯಾಗುತ್ತಿದ್ದಾಳೆ, ಉಳಿಸಿಕೊಳ್ಳಿ ಎಂದು 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಪಾದಯಾತ್ರೆ ಹೊರಟಿತಲ್ಲ, ಆಗ ನಮ್ಮ ಬೀದಿಯವರೂ ಹೋಗಿ ಒಂದಷ್ಟು ದೂರ ನಡೆದು ಬಂದರು. ಬಂದು ಕೈಕಾಲು ತೊಳೆದುಕೊಂಡು, ಒಂದು ಲೋಟ ನೀರು ಕುಡಿದು, ಮತ್ತೆ ಅದೇ ಮಾತು ಹೇಳಿದರು.

ನಾನು ಹುಟ್ಟಿದ್ದು ಭದ್ರಾವತಿಯ ಹಳೇನಗರದಲ್ಲಿ. ಆ ಗಾದೆಯಲ್ಲಿ ನಮ್ಮ ಭದ್ರೆಗೆ ಜಾಗವೇ ಇಲ್ಲ. ಮೀಯಲು ಗಂಗೆ, ಕುಡಿಯಲು ತುಂಗೆ ಎಂದು ಹಿರಿಯರು ಹಂಚಿ ಮುಗಿಸಿದ ಮೇಲೆ ಭದ್ರೆಯ ಪಾಲಿಗೆ ಬಂದದ್ದು ಕಾರ್ಖಾನೆ: 1918ರಲ್ಲಿ ಬುನಾದಿ ಬಿದ್ದ ಕಬ್ಬಿಣದ್ದೊಂದು, 1936ರಲ್ಲಿ ಬಂದ ಕಾಗದದ್ದೊಂದು. ನನ್ನ ಹೆಂಡತಿ ಶಿವಮೊಗ್ಗದವಳು. ತುಂಗೆ, ಭದ್ರೆ ಎರಡೂ ಕೂಡ್ಲಿಯಲ್ಲಿ ಯಾವ ತಕರಾರೂ ಇಲ್ಲದೆ ಒಂದಾಗಿ ಹೊನ್ನಾಳಿ ಕಡೆ ಹರಿದುಹೋಗುತ್ತವೆ. ನಮ್ಮ ಮನೆಯಲ್ಲಿ ಆ ಸಂಗಮ ಇನ್ನೂ ಮಾತುಕತೆಯ ಹಂತದಲ್ಲೇ ಇದೆ.

ಹೈಸ್ಕೂಲಿನಲ್ಲಿ ಗಣಿತ ಹೇಳುವುದು ನನ್ನ ಕಸುಬು. ಶಿವಮೊಗ್ಗದ ಹಳೆಯ ಬಡಾವಣೆಯೊಂದರಲ್ಲಿ ಬಾಡಿಗೆಮನೆ ನೋಡಲು ಹೋದಾಗ ಓನರ್ ಸೋರುವ ಮಾಡು, ಗೋಡೆಯ ಬೂಷ್ಟು, ಮುಚ್ಚಿಕೊಳ್ಳದ ಕಿಟಕಿ ಎಲ್ಲವನ್ನೂ ಸರಸರ ದಾಟಿಸಿ ನನ್ನನ್ನು ನೇರ ಹಿತ್ತಲಿಗೆ ಕರೆದೊಯ್ದರು.

"ಇಲ್ಲಿ ಬಗ್ಗಿ ನೋಡಿ ಮೇಷ್ಟ್ರೇ. ಸೇದೋ ಬಾವಿ. ಎಂಥಾ ಬೇಸಿಗೇಲೂ ಬತ್ತಿದ್ದೇ ಇಲ್ಲ. ನಮ್ಮ ತಾತನ ಕಾಲದಿಂದ ಇದೇ ನೀರು."

ನಾನು ಬಗ್ಗಿ ನೋಡಿದೆ. ಕೆಳಗಿನಿಂದ ನನ್ನದೇ ಮುಖ, ತುಸು ಗಂಭೀರವಾಗಿ, ಒಪ್ಪಿಗೆ ಕೊಡುವಂತೆ ಕಂಡಿತು. ಬಾವಿಯ ದೆಸೆಯಿಂದ ಬಾಡಿಗೆ ಐನೂರು ಜಾಸ್ತಿ ಅಂದರು. ಹೂಂ ಅಂದೆ. "ಕಾರ್ಪೊರೇಷನ್ ನಲ್ಲಿ ಎಷ್ಟು ಹೊತ್ತಿಗೆ ಬರುತ್ತೆ?" ಎಂದು ಹೆಂಡತಿ ಕೇಳಿದ್ದು ನನಗೆ ಅವಮಾನವೇ ಆಯಿತು. ಬಾವಿಯ ಎದುರು ನಿಂತು ನಲ್ಲಿಯ ವಿಚಾರ ಎತ್ತುವುದೇ?

ಗಾಂಧಿ ಬಜಾರಿಗೆ ಹೋಗಿ ಹಿತ್ತಾಳೆ ಕೊಡ ತಂದೆ. ಮೊದಲ ದಿನ ಬೆಳಗಾಗೆದ್ದು ಪಂಚೆ ಎತ್ತಿ ಕಟ್ಟಿ, ರಾಟೆಗೆ ಹಗ್ಗ ಹಾಕಿ ಕೊಡ ಬಿಟ್ಟೆ. ಹಗ್ಗ ಬಂತು. ಕೊಡ ಬರಲಿಲ್ಲ. ಗಂಟು ಹಾಕುವುದರಲ್ಲೂ ಒಂದು ವಿದ್ಯೆ ಇದೆಯಂತೆ. ಅದನ್ನು ಓನರ್ ಮನೆಯ ಅಜ್ಜಿ ಕಿಟಕಿಯಲ್ಲಿ ನಿಂತು ವಿವರಿಸಿದರು. ಪಕ್ಕದ ಬೀದಿಯಿಂದ ಪಾತಾಳಗರಡಿ ತರಿಸಿ ಬಾವಿಗಿಳಿಸಿ ಅಲ್ಲಾಡಿಸಿದಾಗ ಕೊಡಕ್ಕಿಂತ ಮೊದಲು ಬೇರೆ ಸಾಮಾನುಗಳು ಮೇಲೆ ಬಂದವು: ಒಂದು ಪ್ಲಾಸ್ಟಿಕ್ ಮಗ್ಗು, ಟಿಫನ್ ಡಬ್ಬಿಯ ಮುಚ್ಚಳ, ತುಕ್ಕು ಹಿಡಿದ ಬೀಗ, ರಬ್ಬರ್ ಚಪ್ಪಲಿ. ಬಂದ ಒಂದೊಂದು ವಸ್ತುವನ್ನೂ ಓನರ್ ಎತ್ತಿ ಹಿಡಿದು ಗುರುತಿಸಿದರು. ಚಪ್ಪಲಿ ನೋಡಿದವರಿಗೆ ಗಂಟಲು ಕಟ್ಟಿತು. "ಅಯ್ಯೋ, ನಮ್ಮ ಕಿಟ್ಟಿ ಚಪ್ಪಲಿ! ಮೂರನೇ ಕ್ಲಾಸಲ್ಲಿ ಬೀಳಿಸಿಕೊಂಡು ಹೊಡೆತ ತಿಂದಿದ್ದ. ಈಗ ಅಮೆರಿಕದಲ್ಲಿದಾನೆ, ಮಕ್ಕಳಾಗಿವೆ."

ಕಿಟ್ಟಿಯ ಚಪ್ಪಲಿ ಒಟ್ಟು ಎಷ್ಟು ವರ್ಷ ನೆನೆದ ನೀರು ಇದು ಎಂದು ಹೆಂಡತಿ ನನ್ನನ್ನು ಲೆಕ್ಕ ಕೇಳಿದಳು. ಸಿಲೆಬಸ್‌ನಲ್ಲಿ ಇಲ್ಲದ ಪ್ರಶ್ನೆ.

ಆರಿದ್ರಾ ಮಳೆ ಹಿಡಿದು, ಗಾಜನೂರು ಡ್ಯಾಂ ತುಂಬಿ ಗೇಟು ತೆಗೆದ ಮೇಲೆ ಊರೆಲ್ಲ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆ ನೋಡಲು ಹೋಗುತ್ತದೆ. ಮಂಟಪ ಮುಳುಗಿತಾ, ಇಲ್ಲವಾ ಅನ್ನುವುದೇ ಆ ವಾರದ ರಾಜಕೀಯ. ನಾನು ಹೋಗಲಿಲ್ಲ. ಹಿತ್ತಲಲ್ಲೇ ನನ್ನ ಸ್ವಂತ ಜಲಾಶಯ ಏರುತ್ತಿತ್ತು. ಬಂದವರಿಗೆಲ್ಲ ತೋರಿಸಿದೆ. ನೀರು ತುಸು ಕೆಂಪಾಗಿದೆಯಲ್ಲ ಅಂದವರಿಗೆ ಮಲೆನಾಡಿನ ಮಣ್ಣಿನ ಸತ್ವ ಅಂದೆ, ಲೋಟದಲ್ಲಿ ಕೊಟ್ಟೆ, ಬೇಡ ಅಂದವರಿಗೆ ಬಲವಂತ ಮಾಡಿದೆ. ಅವರಲ್ಲಿ ಕೆಲವರು ಈಗಲೂ ನನ್ನ ಫೋನು ಎತ್ತುವುದಿಲ್ಲ.

ನನ್ನ ಹೊಟ್ಟೆ ಕೆಟ್ಟಿತು. ಕೆಟ್ಟಿತು ಅನ್ನುವುದು ಪತ್ರಿಕೆಯ ಮರ್ಯಾದೆಗೆ ತಕ್ಕ ಮಾತು. ಅನುಮಾನ ಮೊದಲು ಮಾವಿನಹಣ್ಣಿನ ಮೇಲೆ ಹೋಯಿತು, ಆಮೇಲೆ ನಾದಿನಿಯ ಮದುವೆಯ ಊಟದ ಮೇಲೆ. ಡಾಕ್ಟರು "ಎಲ್ಲಿಯ ನೀರು ಕುಡೀತೀರಿ?" ಅಂದಾಗ ಇದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ ಸೇದೋ ಬಾವಿಯ ಬಗ್ಗೆ ಭಾಷಣ ಮಾಡಿದೆ. ಅವರು ಒಂದು ಸಲ ನನ್ನನ್ನು ನೋಡಿ ಓಆರ್‌ಎಸ್ ಬರೆದುಕೊಟ್ಟರು. ಒಂದು ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು. ನಾನು ಅಳತೆಯಲ್ಲಿ ಬಲು ನಿಖರ. ಸರಿಯಾಗಿ ಒಂದು ಲೀಟರ್ ಬಾವಿ ನೀರು ಸೇದಿ ಕಲಸಿ ಕುಡಿದೆ. ಗುಣವಾಗಲಿಲ್ಲ. ಮತ್ತೊಂದು ಪ್ಯಾಕೆಟ್, ಮತ್ತೊಂದು ಲೀಟರ್.

ವಿಚಿತ್ರವೆಂದರೆ ಹೆಂಡತಿಗೆ, ಮಗಳಿಗೆ ಏನೂ ಆಗಿರಲಿಲ್ಲ. ತುಂಗೆಯ ತೀರದವರ ಜಠರವೇ ಬೇರೆ ಇರಬೇಕು ಎಂದುಕೊಂಡಿದ್ದೆ. ಒಂದು ರಾತ್ರಿ ಓಡಾಟದ ನಡುವೆ ಅಡುಗೆಮನೆಗೆ ಹೋದಾಗ ಅಕ್ಕಿ ಡಬ್ಬದ ಹಿಂದೆ ಮುಚ್ಚಿಟ್ಟ ಸ್ಟೀಲಿನ ಪಾತ್ರೆ ಸಿಕ್ಕಿತು. ಅದರಲ್ಲಿ ಕುದಿಸಿ ಆರಿಸಿದ ನಲ್ಲಿ ನೀರು.

"ಎಷ್ಟು ದಿನದಿಂದ ಇದು?" ಅಂದೆ.

"ಬಂದ ದಿನದಿಂದ. ನೀವು ಭಾಷಣ ಮಾಡ್ತಾ ಇದ್ರಿ, ನಾನು ನೀರು ಕಾಯಿಸ್ತಾ ಇದ್ದೆ."

ಹೋಗಿ ಓನರ್‌ಗೆ ಹೇಳಿದರೆ ಅವರು ನಕ್ಕುಬಿಟ್ಟರು. "ನಮ್ಮ ತಾತ ಇದೇ ನೀರು ಕುಡಿದು ಬದುಕಿದ್ದು ಮೇಷ್ಟ್ರೇ." ಎಷ್ಟು ವರ್ಷ ಬದುಕಿದ್ದರು ಅಂತ ಕೇಳಿದೆ. ಅವರು ಮಳೆಯ ವಿಷಯ ತೆಗೆದರು. ಅಷ್ಟರಲ್ಲಿ ಸುದ್ದಿ ಬೀದಿಗೆ ಬಿದ್ದು ಸಲಹೆಗಳು ಬರತೊಡಗಿದವು. ನೆಲ್ಲಿಮರದ ಕೊರಡು ಹಾಕಿ, ನೀರು ಸಿಹಿಯಾಗುತ್ತೆ ಎಂದರು ತೀರ್ಥಹಳ್ಳಿ ಕಡೆಯವರು. ಚಿಲ್ಲದ ಬೀಜ ತೇಯ್ದು ಬಿಡಿ, ತಿಳಿಯಾಗುತ್ತೆ ಎಂದರು ಆಯುರ್ವೇದದ ಅಭಿಮಾನಿಗಳು. ಎರಡು ಮೀನು ಬಿಡಿ, ಒಂದು ಆಮೆ ಬಿಡಿ. ನೆಲ್ಲಿ, ಚಿಲ್ಲ ಎರಡನ್ನೂ ನಮ್ಮ ಜನ ತಲೆತಲಾಂತರದಿಂದ ಬಳಸಿದ್ದಾರೆ, ನೀರು ಕಣ್ಣಿಗೆ ತಿಳಿಯಾಗುವುದೂ ನಿಜ. ಆದರೆ ನನ್ನ ತೊಂದರೆ ಕಣ್ಣಿನದಾಗಿರಲಿಲ್ಲ.

ಸಹೋದ್ಯೋಗಿ ರಸಾಯನಶಾಸ್ತ್ರದ ಮೇಷ್ಟ್ರು, ಹಿಂದೆಲ್ಲ ಬಾವಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುತ್ತಿದ್ದರು ಎಂದರು. ಈಗ ಯಾಕೆ ಹಾಕುವುದಿಲ್ಲ ಎಂದೂ ಅವರು ಹೇಳುತ್ತಿದ್ದರು, ಅಷ್ಟರಲ್ಲಿ ಬೆಲ್ಲಾಯಿತು. ಸಂಜೆ ಹೋಗಿ ಧಾರಾಳವಾಗಿ ಸುರಿದೆ. ಬಾವಿ ಗುಲಾಬಿಯಾಯಿತು. ನೋಡಲು ಚೆನ್ನಾಗಿಯೇ ಇತ್ತು. ಮರುದಿನ ಶನಿವಾರ. ಓನರ್ ಮನೆಯಲ್ಲಿ ಬೆಳಗಿನ ಜಾವದ ಕತ್ತಲಲ್ಲೇ ಮಡಿನೀರು ಸೇದಿ ದೇವರಿಗೆ ಅಭಿಷೇಕ ಮಾಡುವ ಪದ್ಧತಿ. ಬೆಳಕು ಹರಿದ ಮೇಲೆ ನೋಡಿದರೆ ದೇವರಿಂದ ಹಿಡಿದು ಓನರ್ ಉಟ್ಟ ಬಿಳಿ ಪಂಚೆಯವರೆಗೆ ಎಲ್ಲಕ್ಕೂ ಬಣ್ಣ. ಬಾಗಿಲಿಗೆ ಬಂದು ನಿಂತರು. ಮಾತಾಡಲಿಲ್ಲ. ಪಂಚೆಯ ತುದಿಯನ್ನು ಮಾತ್ರ ಎತ್ತಿ ತೋರಿಸಿದರು.

ಕೊನೆಗೆ ದಾರಿ ತೋರಿಸಿದ್ದು ಆರೋಗ್ಯ ಇಲಾಖೆಯಲ್ಲಿರುವ ಹಳೆಯ ಶಿಷ್ಯ. ಬೆರಳುದ್ದದ ಕೆಲವು ಬಾಟಲಿ ತಂದುಕೊಟ್ಟ. ಒಳಗೆ ಔಷಧ ಸವರಿ ಒಣಗಿಸಿದ ಒಂದು ಕಾಗದದ ಪಟ್ಟಿ. ಗೀಟಿನವರೆಗೆ ನೀರು ತುಂಬಿ ಮುಚ್ಚಿ ಒಂದೆರಡು ದಿನ ಬೆಚ್ಚಗಿನ ಕಡೆ ಇಡಬೇಕು; ಮಲದ ಸಂಪರ್ಕವಿರುವ ನೀರಾದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಪಟ್ಟಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ನೀರು ಕಪ್ಪಾಗುತ್ತದೆ. 1982ರಲ್ಲಿ ಮಂಜ ಮತ್ತು ಅವರ ಜೊತೆಗಾರರು ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಿಂದ ಪ್ರಕಟಿಸಿದ ವಿಧಾನ. ಮೈಕ್ರೋಸ್ಕೋಪು ಬೇಡ, ಕರೆಂಟು ಬೇಡ, ಹಳ್ಳಿಯ ಶಾಲೆಯ ಹುಡುಗರೂ ಮಾಡಬಹುದು. ನನ್ನಿಂದಲೂ ಆಯಿತು ಅಂದಮೇಲೆ ಇನ್ನೇನು. ಫ್ರಿಡ್ಜಿನ ಮೇಲಿಟ್ಟು ಮರುದಿನ ನೋಡಿದರೆ ಬಾಟಲಿಯ ತುಂಬ ಶಾಯಿಯಂಥ ಕಪ್ಪು. ಅದನ್ನು ಬೆಳಕಿಗೆ ಹಿಡಿದು ನೋಡಿದ ಮಗಳು, "ಅಪ್ಪ, ಇದು ನಿನ್ನ ಹೊಟ್ಟೆಯೊಳಗೂ ಇದೆಯಾ?" ಎಂದಳು.

ಪ್ರಯೋಗಾಲಯದ ಕಾಗದವೊಂದು ಕೈಯಲ್ಲಿದ್ದರೆ ಓನರ್ ಒಪ್ಪುತ್ತಾರೆಂದು ಅಲ್ಲಿಗೂ ಹೋದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು ಒಯ್ದಿದ್ದೆ. ಅಲ್ಲಿದ್ದ ಹುಡುಗಿ ಅದನ್ನು ಮೂಸಿ, "ಸಾರ್, ರಿಪೋರ್ಟ್ ಬಾವೀದು ಬೇಕಾ, ಹಾರ್ಲಿಕ್ಸ್‌ದಾ?" ಎಂದಳು. ಕ್ರಿಮಿ ಕಳೆದ ಬಾಟಲಿ ಅವಳೇ ಕೊಟ್ಟು, ಐಸಿನಲ್ಲಿಟ್ಟು ಅದೇ ದಿನ ತರಬೇಕು ಎಂದು ಪಾಠ ಹೇಳಿದಳು. ಭಾರತೀಯ ಮಾನಕದ ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇ-ಕೋಲಿ ಒಂದೂ ಕಾಣಬಾರದು. ನಮ್ಮದರಲ್ಲಿ ಕಂಡಿತ್ತು, ಬಂಧುಬಳಗ ಸಮೇತ. ವರದಿಯನ್ನು ಓನರ್ ಕನ್ನಡಕ ಹಾಕಿಕೊಂಡು ಓದಿದರು.

"ಕೋಲಿಫಾರ್ಮ್: ಇದೆ. ಇ-ಕೋಲಿ: ಇದೆ. ನೋಡಿದ್ರಾ ಮೇಷ್ಟ್ರೇ, ನಮ್ಮ ನೀರಲ್ಲಿ ಯಾವುದಕ್ಕೂ ಕಮ್ಮಿ ಇಲ್ಲ!"

ಬಾವಿಗೂ ಶೌಚದ ಗುಂಡಿಗೂ ನಡುವೆ 50 ಅಡಿಯಾದರೂ ಇರಬೇಕು ಅನ್ನುತ್ತಾರೆ. ನಮ್ಮದು 30-40 ಸೈಟು. ಮೂವತ್ತರ ವರ್ಗ ಒಂಬೈನೂರು, ನಲವತ್ತರದ್ದು ಸಾವಿರದ ಆರುನೂರು, ಕೂಡಿದರೆ ಎರಡು ಸಾವಿರದ ಐನೂರು, ಅದರ ವರ್ಗಮೂಲ ಐವತ್ತು. ಅಂದರೆ ಇಡೀ ಸೈಟಿನಲ್ಲಿ 50 ಅಡಿ ಸಿಗುವುದು ಮೂಲೆಯಿಂದ ಮೂಲೆಗೆ, ಕರ್ಣದಲ್ಲಿ ಮಾತ್ರ. ಈ ಮೂಲೆಯಲ್ಲಿ ಬಾವಿ, ಆ ಮೂಲೆಯಲ್ಲಿ ಗುಂಡಿ, ಎರಡೂ ಒಂದೊಂದು ಚುಕ್ಕಿಯಷ್ಟು ಸಣ್ಣದಿದ್ದರೆ ಕಾನೂನು ಸರಿ. ಇಷ್ಟು ವರ್ಷ ಪೈಥಾಗೊರಸ್ ಪ್ರಮೇಯವನ್ನು ಗೋಡೆಗೊರಗಿಸಿದ ಏಣಿಯ ಉದಾಹರಣೆಯಲ್ಲೇ ಹೇಳಿ ಕಾಲ ಹಾಕಿದ್ದೆನಲ್ಲ ಎಂದು ಬೇಜಾರಾಯಿತು.

ಟೇಪು ಹಿಡಿದು ಅಳೆಯಲು ಹೊರಟೆ. ನಮ್ಮ ಗುಂಡಿ ಬಟ್ಟೆ ಒಗೆಯುವ ಕಲ್ಲಿನ ಅಡಿಯಲ್ಲೇ ಸಿಕ್ಕಿತು, ಬಾವಿಯಿಂದ ಹದಿನೆಂಟು ಅಡಿ. ಪಕ್ಕದವರದು ಕಾಂಪೌಂಡಿನ ಆಚೆ, ಇನ್ನೂ ಹತ್ತಿರ. ಬಾವಿಯಿಂದ 50 ಅಡಿ ತ್ರಿಜ್ಯದ ವೃತ್ತ ಎಳೆದರೆ ಸುತ್ತಲಿನ ಮನೆಗಳೆಲ್ಲ ಒಳಗೆ. ನಾನು ಒಬ್ಬೊಬ್ಬರ ಹಿತ್ತಲಿಗೂ ಇಣುಕಿ ಟೇಪು ಬಿಡುವುದು ಕಂಡು ಬೀದಿಯಲ್ಲಿ ಗುಸುಗುಸು ಎದ್ದಿತು. ರಸ್ತೆ ಅಗಲ ಮಾಡ್ತಾರಂತೆ, ಮೇಷ್ಟ್ರಿಗೆ ಸರ್ವೆ ಡ್ಯೂಟಿ ಹಾಕಿದಾರಂತೆ. ಸಂಜೆಗೆ ಒಬ್ಬರು ಹಲಸಿನ ಹಪ್ಪಳದ ಕಟ್ಟು ತಂದು, "ಸಾರ್, ನಮ್ಮ ಕಾಂಪೌಂಡು ಒಂದಡಿ ಮುಂದಿರೋದು ಸ್ವಲ್ಪ ನೋಡ್ಕೊಳ್ಳಿ" ಎಂದು ಕೈಮುಗಿದು ಹೋದರು. ಹಪ್ಪಳ ಚೆನ್ನಾಗಿತ್ತು.

ಓನರ್ ಹತ್ತಿರ ಕೂತು ಸಮಾಧಾನವಾಗಿ ಕೇಳಿದೆ. "ಬೀದೀಲಿ ಯುಜಿಡಿ ಪೈಪು ಬಂದಿದೆಯಲ್ಲ, ಕನೆಕ್ಷನ್ ಯಾಕೆ ತಗೊಂಡಿಲ್ಲ?"

"ಯಾಕೆ ಬೇಕು ಮೇಷ್ಟ್ರೇ? ನಮ್ಮ ಪಿಟ್ ಎಂಥಾದ್ದು ಅಂದ್ಕೊಂಡಿದೀರಿ! ಮೂವತ್ತು ವರ್ಷ ಆಯ್ತು, ಒಂದು ಸಲಾನೂ ತುಂಬಿಲ್ಲ. ಪಿಟ್ ತುಂಬಿದ್ದೇ ಇಲ್ಲ, ಬಾವಿ ಬತ್ತಿದ್ದೇ ಇಲ್ಲ. ಅಂಥಾ ಜಾಗ ಇದು!"

ಹೇಳಿ ಮುಗಿಸಿದವರು ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡರು. ಗುಂಡಿಯ ಕಡೆ ನೋಡಿದರು, ಬಾವಿಯ ಕಡೆ ನೋಡಿದರು. ನಾನೂ ನೋಡಿದೆ. "ಕಾಫಿ ಕುಡೀತೀರಾ?" ಎಂದರು. ಬೇಡ ಎಂದೆ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಗುರುತು ಹಾಕಿಕೊಂಡು, ಎಲ್ಲರೂ ನೀರು ಹಿಡಿಯುತ್ತಿದ್ದ ಒಂದೇ ಪಂಪಿನ ಹಿಡಿಯನ್ನು ತೆಗೆಸಿದ. ಅದನ್ನು ಓದಿದ ಉತ್ಸಾಹದಲ್ಲಿ ನಾನು ರಾತ್ರಿ ರಾಟೆಯ ಹಗ್ಗ ಬಿಚ್ಚಿ ಮಂಚದ ಕೆಳಗಿಟ್ಟೆ. ಬೆಳಿಗ್ಗೆ ನೋಡಿದರೆ ಹೊಸ ಹಗ್ಗ. ಮಳೆಯಲ್ಲಿ ಹಗ್ಗ ಲಡ್ಡಾಗಿ ಬಾವಿಗೆ ಬಿದ್ದಿರಬೇಕೆಂದು ಓನರ್ ತಂದು ಹಾಕಿಸಿದ್ದರು. ಆ ತಿಂಗಳ ಬಾಡಿಗೆಯ ಜೊತೆ ನೂರೈವತ್ತು ಸೇರಿಸಿದರು. ಸ್ನೋನ ಕಥೆಯಲ್ಲಿ ಹಿಡಿಯ ಖರ್ಚು ಯಾರು ಕೊಟ್ಟರು ಅಂತ ಎಲ್ಲೂ ಬರೆದಿಲ್ಲ.

ಕ್ಲೋರಿನ್ ಹಾಕುವುದೆಂದು ತೀರ್ಮಾನವಾಯಿತು. ಲೆಕ್ಕ ಸುಲಭ: 1000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕಲಕಿ ಒಂದು ಗಂಟೆ ಕಾಯಬೇಕು. ಬಾವಿಯ ರಿಂಗು ನಾಲ್ಕಡಿ ಅಗಲ, ನೀರು ಹದಿನೈದು ಅಡಿ. ನಾನು ಕೊಳವೆಯಾಕಾರದ ಘನಫಲ ತೆಗೆದು 50 ಗ್ರಾಂ ಎಂದು ಬರೆದುಕೊಂಡೆ. ಪ್ಯಾಕೆಟ್ಟು ಅರ್ಧ ಕೆ.ಜಿ.ದು. ಮಿಕ್ಕದ್ದನ್ನು ಇಟ್ಟರೆ ಗಾಳಿಯಾಡಿ ಶಕ್ತಿ ಹೋಗುತ್ತದಂತೆ. ವ್ಯರ್ಥ ಯಾಕೆ ಎಂದು ಅಷ್ಟನ್ನೂ ಕದಡಿ ಸುಣ್ಣ ಸಮೇತ ಸುರಿದೆ. ಮರುದಿನ ಒಂಬತ್ತನೇ ತರಗತಿಗೆ ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿ ತೋರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಎದ್ದುನಿಂತಳು.

"ಸಾರ್, ನಾಲ್ಕಡಿ ವ್ಯಾಸ ಅಲ್ವಾ? ನೀವು ತ್ರಿಜ್ಯ ಅಂತ ಹಾಕಿದೀರಿ."

ಬೇಕಾದದ್ದು ಹನ್ನೆರಡು, ಹದಿಮೂರು ಗ್ರಾಂ. ಮನೆಗೆ ಬರುವ ಹೊತ್ತಿಗೆ ಹಿತ್ತಲು ಈಜುಕೊಳದ ವಾಸನೆ ಹೊಡೆಯುತ್ತಿತ್ತು. ಓನರ್ ಹೆಂಡತಿ ಮೆರೂನ್ ಸೀರೆಯನ್ನು ಹೊಸ ನೀರಿನಲ್ಲಿ ನೆನೆಹಾಕಿದ್ದರು. ಗಂಡನ ಬಿಳಿ ಪಂಚೆಗೆ ಬಣ್ಣ ಬಂದಿತ್ತು, ಹೆಂಡತಿಯ ಬಣ್ಣದ ಸೀರೆ ಬೆಳ್ಳಗಾಯಿತು. ಆ ಮನೆಗೆ ನಾನು ಅನ್ಯಾಯ ಮಾಡಿದೆನೆಂದು ಹೇಳುವಂತಿಲ್ಲ, ಲೆಕ್ಕ ಸರಿಹೋಗಿದೆ. ಇಷ್ಟೆಲ್ಲ ಆಗಿ ಕೆಲವು ದಿನ ಕಳೆದು ಮತ್ತೊಂದು ಬಾಟಲಿಗೆ ನೀರು ತುಂಬಿದರೆ ಮತ್ತೆ ಕಪ್ಪು. ಕ್ಲೋರಿನ್ ಇವತ್ತಿರುವ ಕ್ರಿಮಿ ಕೊಲ್ಲುತ್ತದೆ. ಸುತ್ತಲಿನ ಮನೆಗಳವರು ನಾಳೆ ಬೆಳಿಗ್ಗೆ ಎದ್ದು ಕಳಿಸುವುದಕ್ಕೆ ಅದು ಜವಾಬ್ದಾರಿಯಲ್ಲ.

ನಲ್ಲಿ ನೀರು ಕಾಯಿಸಿ ಕುಡಿದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅಷ್ಟು ಮಾತಾಡಿದ ಮೇಲೆ ಹೆಂಡತಿಯ ಪಾತ್ರೆಗೆ ಶರಣಾಗುವುದು ಹೇಗೆ? ಭಾನುವಾರ ಭಾನುವಾರ ಭದ್ರಾವತಿಗೆ ಹೋಗಿ ಅಮ್ಮನ ಮನೆಯಿಂದ ಕ್ಯಾನಿನಲ್ಲಿ ನೀರು ತರುವುದೆಂದು ಘೋಷಿಸಿದೆ. "ಬೆಂಕಿಪುರದವರು ತುಂಗೆ ಊರಿಗೆ ನೀರು ಕೊಡ್ತಾರಂತೆ" ಎಂದು ಹೆಂಡತಿ ಊರಿನ ಹಳೆಯ ಹೆಸರು ಎತ್ತಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಮ್ಮನಿಗಂತೂ ಎಪ್ಪತ್ತು ವರ್ಷದ ಬಾಕಿ ತೀರಿದ ಹಾಗಾಯಿತು. ಶಿವಮೊಗ್ಗದ ಬೀಗರ ಮಗಳು ಭದ್ರೆಯ ನೀರು ಕುಡಿಯುತ್ತಿದ್ದಾಳೆ ಎಂಬ ಸುದ್ದಿ ಹುತ್ತಾ ಕಾಲೋನಿಯಿಂದ ಜನ್ನಾಪುರದವರೆಗೆ ಎಲ್ಲ ನೆಂಟರಿಗೂ ಅಂದೇ ತಲುಪಿತು.

ಬಸ್ಸಿನಲ್ಲಿ ಕಂಡಕ್ಟರು ಕ್ಯಾನಿಗೆ ಲಗೇಜು ಹರಿದರು. ಮಾಚೇನಹಳ್ಳಿಯಲ್ಲಿ ಹಾಲಿನ ಡೇರಿಯ ಹತ್ತಿರ ಹತ್ತಿದ ಯಜಮಾನರೊಬ್ಬರು ಪಕ್ಕದಲ್ಲಿ ಕೂತು ಕ್ಯಾನನ್ನು ಆಸೆಯಿಂದ ನೋಡಿದರು.

"ಹಾಲಾ?"

"ಅಲ್ಲ, ನೀರು."

"ಎಲ್ಲಿಗೆ?"

"ಶಿವಮೊಗ್ಗಕ್ಕೆ."

ಅವರು ಮುಂದೆ ಮಾತಾಡಲಿಲ್ಲ. ನಿದಿಗೆ ದಾಟುವಾಗ ಒಮ್ಮೆ ನನ್ನ ಹಣೆ ನೋಡಿದರು. ಮಲವಗೊಪ್ಪದಲ್ಲಿ ಸೀಟು ಖಾಲಿಯಾದದ್ದೇ ಎದ್ದು ಬೇರೆ ಕಡೆ ಕೂತರು.

ಶಿಷ್ಯ ಕೊಟ್ಟ ಬಾಟಲಿಗಳಲ್ಲಿ ಒಂದು ಉಳಿದಿತ್ತು. ಭದ್ರೆಯ ಮಾನವನ್ನು ಹೆಂಡತಿಯ ಕಣ್ಣೆದುರೇ ಸಾಬೀತು ಮಾಡುವ ಹುಮ್ಮಸ್ಸಿನಲ್ಲಿ ಕ್ಯಾನಿನ ನೀರು ತುಂಬಿ ಫ್ರಿಡ್ಜಿನ ಮೇಲಿಟ್ಟೆ. ಬೆಳಿಗ್ಗೆ ಅವಳೇ ಅದನ್ನು ಕಾಫಿಯ ಲೋಟದ ಪಕ್ಕಕ್ಕೆ ತಂದಿಟ್ಟಳು. ಕಪ್ಪು. "ಹೆದರಬೇಡಿ, ನಿಮ್ಮೂರ ನೀರನ್ನೂ ಕುದಿಸಿಯೇ ಕೊಟ್ಟಿದೀನಿ" ಎಂದಳು.

ಅಮ್ಮನಿಗೆ ಫೋನು ಮಾಡಿದೆ. "ಅಮ್ಮ, ಕ್ಯಾನಿಗೆ ನಲ್ಲಿ ನೀರು ತಾನೇ ತುಂಬಿಸ್ತಿದ್ದದ್ದು?"

"ಥೂ, ನಲ್ಲೀದು ಯಾಕೋ! ನಿಂಗೆ ಬಾವಿ ನೀರು ಅಂದ್ರೆ ಪ್ರಾಣ ಅಂತ ನಂಗೊತ್ತಿಲ್ವಾ? ಹಿಂದಿನ ಬೀದಿ ಪದ್ದಕ್ಕನ ಮನೆ ಬಾವೀಲಿ ಸೇದಿ ಸೇದಿ ತುಂಬಿಸ್ತಿದೀನಿ, ಸೊಂಟ ಬಿದ್ದೋಗಿದೆ. ಈ ಭಾನುವಾರ ಒಂದು ಕ್ಯಾನ್ ಜಾಸ್ತಿ ತುಂಬಿಸಿಟ್ಟಿರ್ತೀನಿ, ನಿಮ್ಮ ಓನರ್‌ಗೂ ಕೊಡು. ಪಾಪ, ಅವರ ಬಾವಿ ನೀರು ಸರಿ ಇಲ್ವಂತಲ್ಲ."